ಗಡಿ ದಾಟಿ ಬಂದ ಹಾಸಿಗೆಗಳು

ಇಬ್ರಿ, ಒಮಾನ್
೧೮ ನವೆಂಬರ್ ೨೦೦೫, ಶುಕ್ರವಾರ

ಪ್ರೀತಿಯ ಸಿಪ್ರಿ,

ಹೇಗಿದ್ದೀರಿ? ಎಡಮಂಡಿಯ ನೋವು ಇಳಿಯಿತೇ? ನಾನು ಕಳಿಸಿದ ಮುಲಾಮನ್ನು ನೀವು ಹಚ್ಚಿಕೊಳ್ಳುವ ಬದಲು ರೂಮಿನವರ ಬೆನ್ನಿಗೆಲ್ಲ ಹಂಚಿ ಮುಗಿಸಿರುತ್ತೀರಿ ಎಂದು ನನಗೆ ಗೊತ್ತು. ಇನ್ನೊಂದು ಡಬ್ಬಿ ಇಡುತ್ತಿದ್ದೇನೆ, ಇದು ನಿಮಗೆ ಮಾತ್ರ. ಶಾರ್ಜಾದ ಆ ಕಾರ್ಖಾನೆಯೊಳಗೆ ಫೋಮಿನ ಪುಡಿ ಹಾರುತ್ತಿರುತ್ತದೆ ಅಂದಿದ್ದಿರಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ಒಳಗೆ ಕಾಲಿಡಬೇಡಿ. ಇದನ್ನು ಹೆಂಡತಿಯಾಗಿ ಹೇಳಿದರೆ ನೀವು ಕೇಳುವುದಿಲ್ಲ, ಆದ್ದರಿಂದ ಆಸ್ಪತ್ರೆಯ ನರ್ಸ್ ಆಗಿ ಹೇಳುತ್ತಿದ್ದೇನೆ. ನಾನೂ ಆಶಿತಾಳೂ ಚೆನ್ನಾಗಿದ್ದೇವೆ. ಇಲ್ಲಿ ಸೆಕೆ ಹೋಗಿದೆ, ಬೆಳಿಗ್ಗೆ ತೆಳ್ಳಗೆ ಹೊದೆಯುವಷ್ಟು ಚಳಿ. ಇವತ್ತು ರಾಷ್ಟ್ರೀಯ ದಿನವಾದ್ದರಿಂದ ರಸ್ತೆಗೆಲ್ಲ ಕೆಂಪು, ಬಿಳಿ, ಹಸಿರು ದೀಪ ಕಟ್ಟಿದ್ದಾರೆ. ಆಶಿತಾ ಶಾಲೆಯ ಮೆರವಣಿಗೆಯಲ್ಲಿ ಬಾವುಟ ಹಿಡಿದು ನಡೆದಳು. ಕಾಲು ನೋವಾಯಿತೇ ಎಂದು ಕೇಳಿದರೆ, 'ಇಟ್ಸ್ ಓಕೆ ಮಮ್ಮಿ, ಎವ್ರಿಬಡಿ ವಾಕ್ಡ್' ಎಂದಳು. ಕೊಂಕಣಿಯಲ್ಲಿ ಕೇಳಿದ್ದಕ್ಕೆ ಕೊಂಕಣಿಯಲ್ಲೇ ಉತ್ತರ ಕೊಡು ಎಂದು ಅವಳಿಗೆ ಹೇಳುವ ಕೆಲಸ ನಿಮ್ಮದಾಗಿತ್ತು. ಮನೆಯಲ್ಲಿ ಕೊಂಕಣಿ, ಹೊರಗೆ ಹಿಂದಿ, ವಾರ್ಡಿನಲ್ಲಿ ಅರಬಿ, ಆದರೂ ಪತ್ರ ಬರೆಯಲು ಕುಳಿತರೆ ನನಗೆ ಕನ್ನಡವೇ ಬರುತ್ತದೆ. ಮದುವೆಗೆ ಮೊದಲು ನೀವು ನನಗೆ ಬರೆದದ್ದೂ ಕನ್ನಡದಲ್ಲೇ ಅಲ್ಲವೇ, ಅದೂ ಎಷ್ಟೊಂದು ತಪ್ಪು ಕಾಗುಣಿತದ ಜೊತೆಗೆ!

ಕಳೆದ ಶುಕ್ರವಾರ ನೀವು ಫೋನ್ ಮಾಡಿ, 'ಉರ್ಸು, ನಾನು ಬರ್ತಾ ಇದ್ದೇನೆ. ಇಬ್ರಿಗೇ ಟ್ರಾನ್ಸ್‌ಫರ್. ಕಂಪನಿ ಅಲ್ಲಿ ಸ್ವಂತ ಶೋರೂಮ್ ತೆಗೀತಾ ಉಂಟು, ನಾನೇ ಮ್ಯಾನೇಜರ್' ಎಂದಿರಿ. ಒಂಬತ್ತು ತಿಂಗಳಿಂದ ಈ ಮಾತಿಗೇ ಕಾದಿದ್ದ ನಾನು ಏನೂ ಹೇಳಲಿಲ್ಲ. 'ಎಂತ, ಖುಷಿ ಇಲ್ವಾ ನಿನಗೆ?' ಎಂದು ಕೇಳಿದಿರಿ. ನೀವು 'ಸರಿ, ಇಡ್ತೇನೆ' ಎಂದು ಇಟ್ಟುಬಿಟ್ಟಿರಿ. ಇವತ್ತು ಶುಕ್ರವಾರ, ನಿಮ್ಮ ಫೋನ್ ಬರಲಿಲ್ಲ. ನಾನಾಗಿ ಮಾಡಿದರೆ ಸ್ವಿಚ್ ಆಫ್. ಕೋಪ ಬಂದಾಗ ನೀವು ಹೀಗೆಯೇ ಎಂದು ತಿಳಿದಿದ್ದರೂ ಮಧ್ಯಾಹ್ನದ ಅನ್ನ ಬಿಟ್ಟು ಮತ್ತೆ ಮತ್ತೆ ಮಾಡಿ ನೋಡಿದೆ. ಖುಷಿ ಇಲ್ಲವೆಂದಲ್ಲ ಸಿಪ್ರಿ. ಆ ಶೋರೂಮಿನ ಹೆಸರು ಕೇಳಿದ ಕೂಡಲೇ ಇಲ್ಲಿ ನಡೆದ ಸಂಗತಿಗಳೆಲ್ಲ ಒಟ್ಟಿಗೇ ಬಾಯಿಗೆ ಬಂದವು, ಯಾವುದನ್ನು ಮೊದಲು ಹೇಳಲಿ ಎಂದು ತಿಳಿಯದೆ ಸುಮ್ಮನಾದೆ. ಅವನ್ನು ನಾನು ನಿಮಗೆ ಹೇಳಿರಲಿಲ್ಲ. ದೂರದಲ್ಲಿರುವವರಿಗೆ ಯಾಕೆ ಬೇಸರ ಎಂದುಕೊಂಡಿದ್ದೆ. ಈಗ ಹೇಳದೆ ವಿಧಿಯಿಲ್ಲ.

ಮೊನ್ನೆ ಆಶಿತಾ ಕೇಳಿದಳು, ಡ್ಯಾಡಿ ಅಲಿ ಅಂಕಲ್‌ನ ಕಾರ್ಖಾನೆ ಬಿಟ್ಟು ಯಾಕೆ ಹೋದದ್ದು ಎಂದು. ಒಂಬತ್ತು ವರ್ಷದ ಮಗುವಿಗೆ ಎಷ್ಟು ಹೇಳುವುದು? ಈ ಕೊಲ್ಲಿಯ ಆರು ದೇಶಗಳು ನೆರೆಹೊರೆಯವರು, ಎರಡು ಮೂರು ವರ್ಷದ ಹಿಂದೆ ಅವರೆಲ್ಲ ಸೇರಿ, ಇನ್ನು ಮೇಲೆ ನಮ್ಮೊಳಗೆ ಸಾಮಾನು ಸಾಗಿಸಲು ತಡೆಯಿಲ್ಲ ಎಂದು ಒಪ್ಪಂದ ಮಾಡಿಕೊಂಡರು ಎಂದೆ. ಮೊದಲು ಗಡಿಯ ಚೌಕಿಯಲ್ಲಿ ಈ ಮಾಲು ಎಲ್ಲಿಯದು ಎಂಬ ಕಾಗದ ಕೇಳುತ್ತಿದ್ದರು, ಕೆಲವಕ್ಕೆ ಸುಂಕ ಹಾಕುತ್ತಿದ್ದರು, ಲಾರಿ ಒಂದೆರಡು ದಿನ ಬಿಸಿಲಲ್ಲಿ ನಿಲ್ಲುತ್ತಿತ್ತು. ಅಷ್ಟರಲ್ಲಿ ಅಲಿಯ ಕಾರ್ಖಾನೆಯ ಹಾಸಿಗೆ ಇಬ್ರಿಯ ಅಂಗಡಿಗಳಿಗೆ ತಲುಪಿರುತ್ತಿತ್ತು. ಈಗ ಶಾರ್ಜಾದಲ್ಲಿ ಬೆಳಿಗ್ಗೆ ತುಂಬಿದ ಲಾರಿ ಅದೇ ದಿನ ಇಲ್ಲಿ ಖಾಲಿಯಾಗುತ್ತದೆ. ಅವರ ಕಾರ್ಖಾನೆ ದೊಡ್ಡದು, ಫೋಮನ್ನು ಅವರೇ ಬೇಯಿಸಿ ಬ್ರೆಡ್ಡಿನಂತೆ ಕತ್ತರಿಸುತ್ತಾರೆ. ಅಲಿ ಆ ಫೋಮನ್ನು ಬೇರೆಯವರಿಂದ ಕೊಂಡು ತರಬೇಕಿತ್ತು, ಅವರಷ್ಟು ಅಗ್ಗಕ್ಕೆ ಮಾರಲಾಗದೆ ಕಾರ್ಖಾನೆ ನಿಲ್ಲಿಸಿದ. ಹೀಗೆಲ್ಲ ಹೇಳಿದೆ. ಅವಳು 'ಬಟ್ ಚೀಪ್ ಈಸ್ ಗುಡ್, ನೋ?' ಎಂದಳು. ಹೌದು ಎಂದೆ. ನಮ್ಮ ವಾರ್ಡು ಗುಡಿಸುವ ಬಲೂಚಿ ಹೆಂಗಸು ಈ ವರ್ಷ ಮೊದಲ ಬಾರಿಗೆ ಮಕ್ಕಳಿಗೆಲ್ಲ ಒಂದೊಂದು ಹಾಸಿಗೆ ಕೊಂಡಿದ್ದಾಳೆ, ಅದೂ ನಿಮ್ಮ ಕಂಪನಿಯದೇ. ಅವಳ ಮಕ್ಕಳು ನೆಲ ಬಿಟ್ಟು ಮಲಗಿದ್ದು ಸಣ್ಣ ಸಂಗತಿಯೇ? ಪೇಪರಿನಲ್ಲಿ ಈ ಒಪ್ಪಂದವನ್ನು ಹೊಗಳಿ ಬರೆಯುವುದೆಲ್ಲ ಸುಳ್ಳಲ್ಲ. ಕೊಂಡವರ ಸಂಗತಿ ಅದರಲ್ಲಿ ಸರಿಯಾಗಿಯೇ ಇರುತ್ತದೆ, ಹೊಲಿಯುತ್ತಿದ್ದವರ ಸಂಗತಿ ಮಾತ್ರ ಇರುವುದಿಲ್ಲ.

ನೀವು ಹೊರಡುವಾಗ ಅಲಿ ಹೇಳಿದ್ದು ನಿಮಗೆ ನೆನಪಿರಬಹುದು. ಕಾರ್ಖಾನೆ ನಿಂತರೂ ಪರವಾಗಿಲ್ಲ, ಶಾರ್ಜಾ ಕಂಪನಿಯ ಏಜೆನ್ಸಿ ತೆಗೆದುಕೊಂಡು ಇದೇ ಅಂಗಳದಲ್ಲಿ ಅವರ ಹಾಸಿಗೆ ಮಾರುತ್ತೇನೆ, ನಮ್ಮ ಹಳೆಯ ದರ್ಜಿ ಅದ್ದು ಕಾಕನೂ ಇಲ್ಲೇ ಇರುತ್ತಾನೆ ಎಂದಿದ್ದ. ನೀವು ಬೇರೆ ಕಡೆ ಸೇರಲು ಬೇಕಾದ ರಿಲೀಸ್ ಪೇಪರಿಗೆ ಸಹಿ ಹಾಕುತ್ತ, 'ನೀನು ಅಲ್ಲಿ ಮಾಡು, ನಾನು ಇಲ್ಲಿ ಮಾರ್ತೇನೆ, ಖಲಾಸ್, ಸಂಬಂಧ ಬಿಡಲಿಲ್ಲ' ಎಂದು ನಕ್ಕಿದ್ದ. ಅದು ಹಾಗೆಯೇ ನಡೆಯುತ್ತಿದೆ ಎಂದು ನೀವು ತಿಳಿದಿರಬೇಕು. ಬೇಸಿಗೆ ಮುಗಿಯುವವರೆಗೆ ನಡೆಯಿತು. ಸಂಸಾರದ ಖರ್ಚಿಗೆ ಸಾಕಾಗುವಷ್ಟು ಮಾರಾಟ ಇತ್ತು. ಅದ್ದು ಕಾಕ ಒಂದು ಮೂಲೆಯಲ್ಲಿ ಹಳೆಯ ಮಿಷನ್ ಇಟ್ಟುಕೊಂಡು, ಹಳೆಯ ಗಿರಾಕಿಗಳ ಮನೆಗೆ ಅತಿಥಿಗಳು ಕೂರುವ ಮಜ್ಲಿಸ್ಸಿನ ಒರಗುದಿಂಬು ಹೊಲಿದುಕೊಡುತ್ತಿದ್ದರು. ಗೋಡೆಯ ಅಳತೆಗೆ ಸರಿಯಾಗಿ ಮಾಡಿಕೊಡುವುದನ್ನು ಫೋಮಿನ ಕಾರ್ಖಾನೆ ಮಾಡುವುದಿಲ್ಲವಲ್ಲ. ನಾನು ಸಂತೆಗೆ ಹೋದಾಗಲೆಲ್ಲ ಅಲ್ಲಿ ಕಾಲಿಡುತ್ತಿದ್ದೆ. 'ಸಿಸ್ಟರೇ, ಹಾಸಿಗೆಗೆ ಪಾಸ್‌ಪೋರ್ಟ್ ಬೇಡ, ವೀಸಾ ಬೇಡ. ನಮ್ಮ ಸಿಪ್ರಿಯನ್ ಅದರೊಳಗೆ ಕೂತು ಬಂದ್ರೆ ಆಗ್ತಿತ್ತು ಅಲ್ವಾ?' ಎಂದು ತಮಾಷೆ ಮಾಡುತ್ತಿದ್ದರು. ನಾನು ನಗುತ್ತಿದ್ದೆ. ಮನೆಗೆ ಬಂದ ಮೇಲೆ ಆ ಮಾತು ಅಷ್ಟು ತಮಾಷೆಯಾಗಿ ಕಾಣುತ್ತಿರಲಿಲ್ಲ.

ರಮದಾನ್ ತಿಂಗಳು ಬಂದಾಗ ಅಲಿ ಈದ್‌ಗೆಂದು ದೊಡ್ಡ ಆರ್ಡರ್ ಕೊಟ್ಟ. ಹಬ್ಬಕ್ಕೆ ಮೊದಲು ಇಲ್ಲಿಯವರು ಮನೆಯ ಹಾಸಿಗೆ ದಿಂಬು ಹೊಸದು ಮಾಡುತ್ತಾರೆ, ವರ್ಷದ ಅರ್ಧ ವ್ಯಾಪಾರ ಆಗಲೇ ಎಂದು ನಿಮಗೆ ನಾನು ಹೇಳಬೇಕಿಲ್ಲ. ಗಿರಾಕಿಗಳಿಗೆಲ್ಲ ಮಾತು ಕೊಟ್ಟಿದ್ದ. ಮಾಲು ಬರಲಿಲ್ಲ. ಫೋನ್ ಮಾಡಿದರೆ ಸ್ಟಾಕ್ ಇಲ್ಲ, ಮುಂದಿನ ವಾರ, ಮತ್ತೆ ಮುಂದಿನ ವಾರ ಎಂದರು. ಒಂದು ದಿನ ಅಲಿ ಮುಖ್ಯರಸ್ತೆಯಲ್ಲಿ ಹೋಗುತ್ತಿದ್ದಾಗ, ಪೆಟ್ರೋಲ್ ಬಂಕಿನ ಪಕ್ಕದ ಹೊಸ ಕಟ್ಟಡದ ಮುಂದೆ ನಿಮ್ಮ ಕಂಪನಿಯ ಲಾರಿ ನಿಂತಿರುವುದನ್ನು ಕಂಡನಂತೆ. ಪ್ಲಾಸ್ಟಿಕ್ ಸುತ್ತಿದ ಹಾಸಿಗೆಗಳನ್ನು ಒಳಗೆ ಒಟ್ಟುತ್ತಿದ್ದರು. ಇದು ಯಾರಿಗೆ ಎಂದು ಕೇಳಿದರೆ, 'ಕಂಪನಿಯ ಸ್ವಂತ ಅಂಗಡಿ, ಇನ್ನು ಏಜೆಂಟ್ ಬೇಡ' ಎಂದರಂತೆ. ಒಪ್ಪಂದದ ಪ್ರಕಾರ ಆ ಕಡೆಯ ಮಾಲೀಕರು ಈ ಕಡೆ ಅಂಗಡಿ ಇಡಬಹುದು, ಈ ಕಡೆಯವರು ಆ ಕಡೆ ಇಡಬಹುದು. ಕಾನೂನು ಇಬ್ಬರಿಗೂ ಒಂದೇ. ಆದರೆ ಇಬ್ರಿಯ ಅಲಿ ಹೋಗಿ ಶಾರ್ಜಾದಲ್ಲಿ ಎಂಥ ಶೋರೂಮ್ ತೆಗೆಯುತ್ತಾನೆ, ಹೇಳಿ. ಆ ಲಾರಿ ತುಂಬಿಸಿದ್ದು ನಿಮ್ಮ ಪಾಳಿಯಲ್ಲೇ ಇರಬಹುದು. ಅದು ಯಾರ ಬಾಗಿಲಿಗೆ ಬರುತ್ತಿದೆ ಎಂದು ನಿಮಗೆ ಗೊತ್ತಿರಲಿಕ್ಕಿಲ್ಲ ಎಂದು ನಾನು ನಂಬಿದ್ದೇನೆ.

ಆ ಮೇಲಿನ ದಿನಗಳನ್ನು ನೀವು ನೋಡಬೇಕಿತ್ತು. ಅಲಿ ಬೈಯಲಿಲ್ಲ, ಕೋರ್ಟು ಎನ್ನಲಿಲ್ಲ. ನೇರವಾಗಿ ಅಂಗಳಕ್ಕೆ ಬಂದು, 'ಅದ್ದು, ಹತ್ತಿ ಎಷ್ಟುಂಟು?' ಎಂದು ಕೇಳಿದನಂತೆ. ಹಿಂದಿನ ಗೋಡೌನಿನಲ್ಲಿ ಹತ್ತಿಯ ಮೂಟೆಗಳು ಹಾಗೆಯೇ ಬಿದ್ದಿದ್ದವು. ಮಾತು ಕೊಟ್ಟ ಎಲ್ಲರಿಗೂ ಆಗದು, ಆದಷ್ಟು ಮನೆಗಾದರೂ ನಾವೇ ಮಾಡಿಕೊಡೋಣ ಎಂದು ಇಬ್ಬರೂ ಶುರುಮಾಡಿದರು. ನಾನು ಡ್ಯೂಟಿ ಮುಗಿಸಿ ಬರುತ್ತ ಬಗ್ಗಿ ನೋಡಿದರೆ, ಅಲಿ ತೋಳು ಮಡಿಸಿಕೊಂಡು ಕೋಲು ಹಿಡಿದು ಹತ್ತಿ ಬಡಿಯುತ್ತಿದ್ದಾನೆ, ಗಡ್ಡವೆಲ್ಲ ಬಿಳಿ. ಅದ್ದು ಕಾಕ ಮಿಷನ್ನಿನ ಮೇಲೆ ಬಾಗಿದ್ದಾರೆ. ಇಬ್ಬರಿಗೂ ಉಪವಾಸ, ನೀರೂ ಇಲ್ಲ. ಈ ವಯಸ್ಸಿನಲ್ಲಿ ತಲೆ ತಿರುಗಿ ಬಿದ್ದರೆ ಆಸ್ಪತ್ರೆಗೆ ಎತ್ತಿಕೊಂಡು ಹೋಗುವವರು ಯಾರು ಎಂದು ಗದರಿದೆ. 'ನೀವೇ ಇದ್ದೀರಲ್ಲಾ ಸಿಸ್ಟರೇ' ಎಂದರು ಅದ್ದು ಕಾಕ, ಬಾಯಲ್ಲಿ ಸೂಜಿ ಕಚ್ಚಿಕೊಂಡೇ. ನಾನು ಬ್ಯಾಗ್ ಕೆಳಗಿಟ್ಟು ಕೂತೆ. ಮೊದಲ ದಿನ ದಿಂಬಿಗೆ ಹತ್ತಿ ತುಂಬಿಸಿದೆ. ಮರುದಿನ ಅಲಿಯ ಹೆಂಡತಿ ನಾದಿನಿಯರನ್ನು ಕರೆದುಕೊಂಡು ಬಂದಳು. ಇಳಿಹೊತ್ತಿನ ಅಸರ್ ನಮಾಜಿನ ಬಳಿಕ ಹೆಂಗಸರೆಲ್ಲ ಒಂದು ಕಡೆ ಚಾಪೆ ಹಾಸಿ ಕೂತು ಅಂಚು ಹೊಲಿಯುತ್ತಿದ್ದರು, ಮಾತು, ನಗು. ಬಾಂಗು ಕೇಳಿದ ಕೂಡಲೇ ಖರ್ಜೂರ, ಮಜ್ಜಿಗೆ. ನನಗೂ ಒಂದು ಲೋಟ. ಹತ್ತಿಯ ಮೂಟೆ ಮುಗಿಯುವವರೆಗೆ ಮಾಡಿದರು. ಕಾದಿದ್ದ ಗಿರಾಕಿಗಳಲ್ಲಿ ಅರ್ಧಕ್ಕೂ ಕಡಿಮೆ ಜನರ ಮನೆಗೆ ತಲುಪಿತು. ಉಳಿದವರ ಮನೆಗೆ ಅಲಿಯೇ ಹೋಗಿ ಕ್ಷಮೆ ಕೇಳಿ, ಹೊಸ ಅಂಗಡಿ ತೆರೆದ ಮೇಲೆ ಅಲ್ಲಿ ತೆಗೆದುಕೊಳ್ಳಿ ಎಂದು ಹೇಳಿ ಬಂದ. ಆ ಮಾತು ಅವನ ಬಾಯಿಂದ ಹೇಗೆ ಹೊರಟಿತೋ. ಈದ್‌ನ ದಿನ ನಮ್ಮ ಕ್ವಾರ್ಟರ್ಸಿಗೆ ಹಲ್ವ, ಮಾಂಸ ಎಲ್ಲ ಬಂತು, ಪ್ರತಿ ವರ್ಷದಂತೆಯೇ. ನೀವು ಬರುತ್ತೀರಿ ಎಂದು ಆಶಿತಾ ಹೊಸ ಫ್ರಾಕ್ ಹಾಕಿಕೊಂಡು ಕೂತಿದ್ದಳು. ಪಾಸ್‌ಪೋರ್ಟ್ ಕಂಪನಿಯವರ ಕೈಯಲ್ಲಿದೆ, ಸೀಸನ್ ಮುಗಿಯದೆ ಕೊಡುವುದಿಲ್ಲ ಎಂದು ನಿಮ್ಮ ಮೆಸೇಜ್ ಬಂತು. ಇಲ್ಲಿಂದ ಅಲ್ಲಿಗೆ ಅರ್ಧ ದಿನದ ದಾರಿ ಕೂಡ ಇಲ್ಲ.

ಇದಾದ ಒಂದೇ ವಾರಕ್ಕೆ ನಿಮ್ಮ ಫೋನ್. ನಾನು ಯಾಕೆ ಸುಮ್ಮನಾದೆ ಎಂದು ಈಗ ತಿಳಿಯಿತೇ? ಆ ಶೋರೂಮಿನಲ್ಲಿ ಕೂರುವವರು ನನ್ನ ಗಂಡ ಎಂದು ನಾನು ಯಾರಿಗೂ ಹೇಳಲಿಲ್ಲ. ಎರಡು ದಿನ ಸಂತೆಯ ದಾರಿ ಬಿಟ್ಟು ಸುತ್ತು ಹಾಕಿ ಡ್ಯೂಟಿಗೆ ಹೋದೆ. ಕೆಟ್ಟ ಯೋಚನೆಗಳೂ ಬಂದವು. ನೀವು ಇದನ್ನು ಒಪ್ಪಿಕೊಂಡದ್ದು ಹೇಗೆ ಎಂದು ನಿಮ್ಮ ಮೇಲೆ ಸಿಟ್ಟು. ಒಪ್ಪಿಕೊಳ್ಳದಿದ್ದರೆ ಇನ್ನೆಷ್ಟು ವರ್ಷ ಹೀಗೆ ಎಂದು ಮರುಗಳಿಗೆಗೆ ನನ್ನ ಮೇಲೆಯೇ ಸಿಟ್ಟು. ಮಂಗಳವಾರ ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಅಲಿ ಮತ್ತು ಅವನ ಹೆಂಡತಿ. ನನ್ನ ಮುಖ ನೋಡಿದ ಕೂಡಲೇ ಅವನಿಗೆ ತಿಳಿಯಿತು, ನನಗೆ ಗೊತ್ತಿದೆ ಎಂದು. ಕಂಪನಿಯವನೊಬ್ಬ ಅವನಿಗೆ, 'ನಿನ್ನ ಫೋರ್ಮನ್ನನೇ ಇಲ್ಲಿ ಕೂರಿಸುತ್ತೇವೆ' ಎಂದು ಹೆಮ್ಮೆಯಿಂದ ಹೇಳಿದ್ದನಂತೆ. ನಾನು ಕಾಫಿ ತಂದಿಟ್ಟೆ, ಇಡುವಾಗ ತಟ್ಟೆಗೆ ಚೆಲ್ಲಿತು. ಅವನ ಹೆಂಡತಿ ಏನೂ ಆಗಿಲ್ಲವೆಂಬಂತೆ ಒರೆಸಿದಳು.

ಅಲಿ ತನ್ನ ಆ ಹರಕು ಹಿಂದಿಯಲ್ಲಿ ಹೇಳಿದ್ದನ್ನು ಇಲ್ಲಿ ಹಾಗೆಯೇ ಬರೆಯುತ್ತೇನೆ. 'ಸಿಸ್ಟರ್, ಅಂಗಡಿ ಬರುವುದು ಬಂದೇ ಬರ್ತದೆ. ಸಿಪ್ರಿಯನ್ ಬೇಡ ಅಂದ್ರೆ ಬೇರೆ ಯಾರನ್ನೋ ಕೂರಿಸ್ತಾರೆ. ಬೇರೆಯವನು ಕೂತ್ರೆ ನಾನು ರಸ್ತೆಯ ಆ ಬದಿಯಲ್ಲಿ ನಡೀಬೇಕು. ಸಿಪ್ರಿಯನ್ ಕೂತ್ರೆ ಒಳಗೆ ಹೋಗಿ ಚಾಯ್ ಕೇಳಬಹುದು.' ನಾನು ಏನೋ ಸಮಾಧಾನ ಹೇಳಹೊರಟೆ. ಅವನು ಕೈಯೆತ್ತಿ ನಿಲ್ಲಿಸಿದ. ಆಗ ಮಾತ್ರ ಅವನ ದನಿ ಸ್ವಲ್ಪ ಏರಿತು. 'ನನ್ನ ಅಪ್ಪ ಒಂಟೆಯ ಮೇಲೆ ಒಣಗಿದ ನಿಂಬೆ ಹೇರಿಕೊಂಡು ಬುರೈಮಿಗೆ, ಅಲ್ಲಿಂದ ಆ ಕಡೆಗೆ ಹೋಗ್ತಿದ್ದ. ಆಗ ಗಡಿ ಇರಲಿಲ್ಲ. ಆಮೇಲೆ ಗಡಿ ಬಂತು, ಅಪ್ಪನ ವ್ಯಾಪಾರ ಹೋಯ್ತು. ಈಗ ಗಡಿ ತೆಗೆದ್ರು, ನನ್ನ ವ್ಯಾಪಾರ ಹೋಯ್ತು. ಹಾಕುವಾಗಲೂ ನಮ್ಮನ್ನ ಕೇಳಲಿಲ್ಲ, ತೆಗೆಯುವಾಗಲೂ ಕೇಳಲಿಲ್ಲ.' ಅಷ್ಟೇ. ಆಮೇಲೆ ಆಶಿತಾಳನ್ನು ಹತ್ತಿರ ಕರೆದು ಶಾಲೆಯ ವಿಷಯ ಕೇಳಿದ. ಅಂಗಳವನ್ನು ಟಯರ್ ಅಂಗಡಿಯವರಿಗೆ ಬಾಡಿಗೆಗೆ ಕೊಡುತ್ತಾನಂತೆ. ಮಗನಿಗೆ ಪೊಲೀಸ್ ಕೆಲಸ ಸಿಕ್ಕಿರುವುದರಿಂದ ಮನೆ ನಡೆಯುತ್ತದೆ, ಅಷ್ಟರ ಮಟ್ಟಿಗೆ ಅವನು ಪಾರು. ಹೊರಡುವಾಗ ಮೆಟ್ಟಿಲಲ್ಲಿ ನಿಂತು, 'ಅವನಿಗೆ ಹೇಳು, ಅಲಿ ಬಾ ಅಂದ ಅಂತ. ಯಲ್ಲಾ, ಬೇಗ ಬಾ ಅಂತ' ಎಂದ. ಅವರ ಕಾರು ತಿರುಗುವವರೆಗೆ ನಾನು ಅಲ್ಲೇ ನಿಂತಿದ್ದೆ. ಒಳಗೆ ಬಂದು ಅತ್ತುಬಿಟ್ಟೆ, ನಿಮಗೆ ಹೇಳಲು ನಾಚಿಕೆಯೇನು.

ಇಷ್ಟು ದಿನ ಯೋಚಿಸಿ ನನಗೆ ತೋಚಿದ್ದು ಇಷ್ಟು. ನೀವು ಬನ್ನಿ. ಆ ಕೆಲಸ ಬಿಟ್ಟು ದೊಡ್ಡ ಮನುಷ್ಯರಾಗಿ ಎಂದು ನಾನು ಹೇಳಲಾರೆ. ನನಗೆ ನನ್ನ ಗಂಡ ಮನೆಯಲ್ಲಿ ಬೇಕು, ಆಶಿತಾಳಿಗೆ ಅವಳ ಅಪ್ಪ ಬೇಕು. ಅವಳು ಇತ್ತೀಚೆಗೆ ನಿಮ್ಮ ವಿಷಯ ಮಾತಾಡುವಾಗ 'ವೆನ್ ಡ್ಯಾಡಿ ವಾಸ್ ಹಿಯರ್' ಎನ್ನುತ್ತಾಳೆ, ಅದನ್ನು ಕೇಳಲು ನನ್ನಿಂದ ಆಗುವುದಿಲ್ಲ. ಆದರೆ ಬಂದ ದಿನ ಶೋರೂಮಿನ ಬೀಗ ತೆಗೆಯುವ ಮೊದಲು ಅಲಿಯ ಮನೆಗೆ ಹೋಗಬೇಕು, ನಾನೂ ಜೊತೆಗೆ ಬರುತ್ತೇನೆ. ಆ ಶೋರೂಮಿನಲ್ಲಿ ಕೂತು ಹೇಗೆ ವ್ಯಾಪಾರ ಮಾಡುತ್ತೀರಿ ಎನ್ನುವುದು ನಿಮಗೆ ಬಿಟ್ಟದ್ದು. ಹಳೆಯ ಗಿರಾಕಿಗಳು ಗೋಡೆಯ ಅಳತೆ ಹಿಡಿದುಕೊಂಡು ಬಂದರೆ, ಅದು ನಮ್ಮಲ್ಲಿಲ್ಲ ಎಂದು ಹೇಳುವ ಕೆಲಸ ಇನ್ನು ನಿಮ್ಮದು. ಅದು ಸುಲಭವಲ್ಲ ಎಂದು ನನಗೆ ಗೊತ್ತಿದೆ. ಫೋನ್ ಆನ್ ಮಾಡಿ, ಸಿಟ್ಟು ಸಾಕು.

ನಿಮ್ಮ ರೂಮಿನ ಎಡ್ಮಂಡಣ್ಣನಿಗೆ ನಮ್ಮ ನೆನಪು ಹೇಳಿ, ಅವರ ಬೆನ್ನಿಗೆ ಈ ಮುಲಾಮು ಅಲ್ಲ, ಬಿಸಿನೀರಿನ ಶಾಖ ಸಾಕು. ಆಶಿತಾಳಿಂದ ಮುತ್ತು. ಪ್ರತಿ ಸಂಜೆ ಪ್ರಾರ್ಥನೆಯಲ್ಲಿ ಮೊದಲು ನಿಮ್ಮ ಹೆಸರು, ಆಮೇಲೆಯೇ ಉಳಿದವರದು. ದೇವರು ನಿಮ್ಮ ದಾರಿಯನ್ನು ನಮ್ಮ ಮನೆಯ ಕಡೆಗೆ ತಿರುಗಿಸಲಿ.

ನಿಮ್ಮವಳೇ,
ಉರ್ಸುಲಾ

ಮರೆಯುವ ಮುನ್ನ: ಲಕೋಟೆ ಅಂಟಿಸುವಷ್ಟರಲ್ಲಿ ಅದ್ದು ಕಾಕ ಬಂದು ಹೋದರು. ಭಾನುವಾರದ ವಿಮಾನಕ್ಕೆ ಊರಿಗೆ ಹೊರಟಿದ್ದಾರೆ, ಮಂಜನಾಡಿಯ ಮಗಳ ಮನೆಗೆ. ಮತ್ತೆ ಬರುವುದಿಲ್ಲ. ಅಲಿ ಇನ್ನೂ ಇರು ಎಂದರೂ ಕೇಳಲಿಲ್ಲವಂತೆ. 'ಸಿಪ್ರಿಯನ್‌ಗೆ ಈಗ ಹೇಳ್ಬೇಡಿ ಸಿಸ್ಟರೇ, ಬಂದ ಮೇಲೆ ಗೊತ್ತಾಗ್ಲಿ. ನಾನು ಇಲ್ಲಿ ಸುಮ್ನೆ ಕೂತಿದ್ರೆ ಅವನಿಗೆ ಆ ಅಂಗಡೀಲಿ ಕೂತ್ಕೊಳ್ಳಿಕ್ಕೆ ಆಗ್ಲಿಕ್ಕಿಲ್ಲ. ಕತ್ತರಿ ಹಿಡಿಯೋದು ನಾನೇ ಕಲಿಸಿದ್ದಲ್ವಾ' ಎಂದರು. ಹೂಂ ಎಂದೆ, ಆದರೆ ಆ ಮಾತು ಉಳಿಸಿಕೊಳ್ಳಲಾರೆ. ಅಂಚೆಗೆ ಹಾಕಿದರೆ ತಡವಾಗುತ್ತದೆ. ನಿಮ್ಮ ಕಂಪನಿಯ ಲಾರಿ ಮಾಲು ಇಳಿಸಿ ಈಗಲೇ ಹಿಂದಿರುಗುತ್ತಿದೆ, ಡ್ರೈವರ್ ಕೈಯಲ್ಲಿ ಕೊಡುತ್ತಿದ್ದೇನೆ, ನಾಳೆ ಬೆಳಿಗ್ಗೆ ನಿಮಗೆ ಸಿಗುತ್ತದೆ. ಓದಿದ ಕೂಡಲೇ ಅಲಿಯ ಅಂಗಡಿಯ ಫೋನಿಗೆ ಮಾಡಿ, ನಾಳೆ ಸಂಜೆಯವರೆಗೆ ಅವರು ಅಲ್ಲೇ ಇರುತ್ತಾರೆ, ಆಮೇಲೆ ಮಸ್ಕತ್ ಬಸ್ಸು. ನಿಲ್ಲಿ ಎಂದು ಬೇಡಿಕೊಳ್ಳಬೇಡಿ, ಅದು ಅವರಿಗೆ ಇನ್ನಷ್ಟು ಕಷ್ಟ. ಏನು ಮಾತಾಡುವುದೆಂದು ತೋಚದಿದ್ದರೆ, ಊಟ ಆಯಿತಾ ಎಂದಾದರೂ ಕೇಳಿ.